ನೀರಿನ ದ್ರಾವಕ ಗುಣ ಮತ್ತು ಸಣ್ಣ ಕೈಗಾರಿಕೆಗಳ ತ್ಯಾಜ್ಯನೀರು

ನಮ್ಮ ಸದಸ್ಯ ಉದ್ಯಮಿಗಳ ಪೈಕಿ ನೀರನ್ನು ಬಳಸದವರು ಯಾರೂ ಇಲ್ಲವೆಂದೇ ಹೇಳಬಹುದು. ಬಾಯ್ಲರಿಗೆ, ಬಣ್ಣದ ತೊಟ್ಟಿಗೆ, ಲೋಹದ ಲೇಪನಕ್ಕೆ, ಆಹಾರ ಪದಾರ್ಥಗಳ ತಯಾರಿಕೆಗೆ, ಏನಿಲ್ಲವೆಂದರೂ ನೆಲ ತೊಳೆಯುವುದಕ್ಕೆ ನೀರು ಬೇಕೇ ಬೇಕು. ಒಳಕ್ಕೆ ಬರುವ ನೀರಿನ ಬೆಲೆಯನ್ನು ನಾವೆಲ್ಲರೂ ಟ್ಯಾಂಕರಿನ ಲೆಕ್ಕದಲ್ಲಿ ಚೆನ್ನಾಗಿ ಬಲ್ಲೆವು. ಹೊರಕ್ಕೆ ಹೋಗುವ ನೀರಿನ ಬೆಲೆ ಮಾತ್ರ ಸಾಮಾನ್ಯವಾಗಿ ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟೀಸು ಕೈಸೇರಿದ ದಿನವೇ ಅರಿವಿಗೆ ಬರುತ್ತದೆ.

ಕೆಲವು ವರ್ಷಗಳ ಹಿಂದೆ ಕ್ರೋಮಿಯಂ ಲೇಪನ ಮಾಡುವ ಸಣ್ಣ ಘಟಕವೊಂದಕ್ಕೆ ಸಲಹೆ ನೀಡಲು ಹೋಗಿದ್ದೆ. ಅಲ್ಲಿಯ ಮಾಲೀಕರು ತಮ್ಮ ಶುದ್ಧೀಕರಣ ತೊಟ್ಟಿಯಿಂದ ಹೊರಬರುತ್ತಿದ್ದ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ತೋರಿಸಿ, "ನೋಡಿ ಸರ್, ಎಷ್ಟು ತಿಳಿಯಾಗಿದೆ! ಮರಳಿನ ಫಿಲ್ಟರು ಒಂದಲ್ಲ, ಎರಡು ಹಾಕಿಸಿದ್ದೇನೆ. ಆದರೂ ಸ್ಯಾಂಪಲ್ ಫೇಲ್ ಎನ್ನುತ್ತಾರೆ" ಎಂದು ಅಲವತ್ತುಕೊಂಡರು. ನೀರು ನಿಜವಾಗಿಯೂ ತಿಳಿಯಾಗಿತ್ತು. ಲೋಟವನ್ನು ಬಿಳಿಯ ಹಾಳೆಯ ಮೇಲಿರಿಸಿ ಮೇಲಿನಿಂದ ನೋಡಿದಾಗಷ್ಟೇ ನಸು ಹಳದಿಯ ಛಾಯೆಯೊಂದು ಕಂಡಿತು. ಆ ಹಳದಿಯೇ ಕ್ರೋಮೇಟು. ಎರಡಲ್ಲ, ಹತ್ತು ಮರಳಿನ ಫಿಲ್ಟರುಗಳನ್ನು ಸಾಲಾಗಿ ಜೋಡಿಸಿದರೂ ಅದು ಹಾಗೆಯೇ ದಾಟಿ ಬರುತ್ತಿತ್ತು.

ತಿಳಿಯಾದ ನೀರೆಲ್ಲವೂ ಶುದ್ಧ ನೀರಲ್ಲ. ಕದಡಿದ ಪದಾರ್ಥಕ್ಕೂ ಕರಗಿದ ಪದಾರ್ಥಕ್ಕೂ ಇರುವ ಈ ವ್ಯತ್ಯಾಸವನ್ನು ಗಮನಿಸದೆ ಯಂತ್ರೋಪಕರಣಗಳಿಗೆ ಹಣ ಹಾಕಿ ಕೈಸುಟ್ಟುಕೊಂಡ ಉದ್ಯಮಿಗಳು ಅನೇಕರಿದ್ದಾರೆ. ಆದುದರಿಂದ ನೀರಿನ ದ್ರಾವಕ ಗುಣದ ಹಿಂದಿರುವ ರಸಾಯನಶಾಸ್ತ್ರವನ್ನು ವ್ಯಾವಹಾರಿಕ ದೃಷ್ಟಿಯಿಂದ ಇಲ್ಲಿ ವಿವರಿಸಲು ಪ್ರಯತ್ನಿಸಲಾಗಿದೆ.

ನೀರು ಏಕೆ ಕರಗಿಸುತ್ತದೆ?

ನೀರಿನ ಅಣುವೊಂದರಲ್ಲಿ ಒಂದು ಆಮ್ಲಜನಕದ ಪರಮಾಣುವೂ ಎರಡು ಜಲಜನಕದ ಪರಮಾಣುಗಳೂ ಇರುವುದು ಶಾಲೆಯಲ್ಲಿ ಓದಿದ ಸಂಗತಿಯೇ. ಇವು ಮೂರೂ ಒಂದೇ ಸರಳರೇಖೆಯಲ್ಲಿ ಇರುವುದಿಲ್ಲ. ಸುಮಾರು 104.5 ಡಿಗ್ರಿ ಕೋನದಲ್ಲಿ ಬಾಗಿಕೊಂಡಿರುತ್ತವೆ. ಆಮ್ಲಜನಕವು ಎಲೆಕ್ಟ್ರಾನುಗಳನ್ನು ತನ್ನ ಕಡೆಗೆ ಹೆಚ್ಚಾಗಿ ಸೆಳೆದುಕೊಳ್ಳುವುದರಿಂದ ಅಣುವಿನ ಒಂದು ತುದಿಯಲ್ಲಿ ಅಲ್ಪ ಋಣ ವಿದ್ಯುದಂಶವೂ ಇನ್ನೊಂದು ತುದಿಯಲ್ಲಿ ಅಲ್ಪ ಧನ ವಿದ್ಯುದಂಶವೂ ಉಂಟಾಗುತ್ತದೆ. ನೀರಿನ ಎಲ್ಲ ವಿಶೇಷಗಳಿಗೂ ಈ ಅಸಮತೆಯೇ ಮೂಲ.

ಅಡುಗೆ ಉಪ್ಪಿನ ಹರಳಿನಲ್ಲಿ ಧನ ವಿದ್ಯುದಂಶದ ಸೋಡಿಯಂ ಅಯಾನುಗಳೂ ಋಣ ವಿದ್ಯುದಂಶದ ಕ್ಲೋರೈಡ್ ಅಯಾನುಗಳೂ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಹರಳು ನೀರಿಗೆ ಬಿದ್ದೊಡನೆ ನೀರಿನ ಅಣುಗಳು ತಮ್ಮ ಋಣ ತುದಿಯಿಂದ ಸೋಡಿಯಂ ಅಯಾನನ್ನೂ ಧನ ತುದಿಯಿಂದ ಕ್ಲೋರೈಡ್ ಅಯಾನನ್ನೂ ಸುತ್ತುವರಿದು ಬೇರ್ಪಡಿಸಿ ಒಯ್ಯುತ್ತವೆ. ನಿರ್ವಾತದಲ್ಲಿ ಎರಡು ಅಯಾನುಗಳ ನಡುವೆ ಇರುವ ಆಕರ್ಷಣೆಯು ನೀರಿನೊಳಗೆ ಸುಮಾರು 80ನೇ ಒಂದು ಪಾಲಿಗೆ ಇಳಿಯುತ್ತದೆ ಎಂದರೆ ನೀರಿನ ಸಾಮರ್ಥ್ಯವನ್ನು ಊಹಿಸಬಹುದು. ಸಕ್ಕರೆಯಲ್ಲಿ ಅಯಾನುಗಳಿಲ್ಲ. ಆದರೆ ಅದರ ಅಣುವಿನಲ್ಲಿಯೂ ಇಂತಹ ಅಸಮ ವಿದ್ಯುದಂಶದ ಭಾಗಗಳಿರುವುದರಿಂದ ನೀರು ಅದನ್ನೂ ತನ್ನದಾಗಿಸಿಕೊಳ್ಳುತ್ತದೆ. ಎಣ್ಣೆಯಲ್ಲಿ ಅಂತಹ ಹಿಡಿಕೆ ಇಲ್ಲದಿರುವುದರಿಂದ ಅದು ಬೇರೆಯಾಗಿಯೇ ಉಳಿಯುತ್ತದೆ.

ಕರಗುವ ಪ್ರಮಾಣವು ಪದಾರ್ಥದಿಂದ ಪದಾರ್ಥಕ್ಕೆ ಬಹಳ ವ್ಯತ್ಯಾಸವಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 100 ಮಿಲಿಲೀಟರ್ ನೀರು ಸುಮಾರು 36 ಗ್ರಾಂ ಉಪ್ಪನ್ನು, ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲದು. ಸುಣ್ಣದ ಕಲ್ಲಿನ ಪುಡಿಯಾದರೋ ಅಷ್ಟೇ ಶುದ್ಧ ನೀರಿನಲ್ಲಿ ಒಂದೂವರೆ ಮಿಲಿಗ್ರಾಂ ಕರಗಿದರೆ ಹೆಚ್ಚು. ತ್ಯಾಜ್ಯನೀರಿನ ಶುದ್ಧೀಕರಣವೆಲ್ಲವೂ ಈ ವ್ಯತ್ಯಾಸದ ಲಾಭ ಪಡೆಯುವ ಕೆಲಸವೇ ಆಗಿದೆ.

ಮಣ್ಣು, ನಾರು, ಲೋಹದ ಪುಡಿ ಮೊದಲಾದವು ನೀರಿನಲ್ಲಿ ತೇಲುವ ಕಣಗಳು. ನಿಲ್ಲಿಸಿದರೆ ತಳಕ್ಕೆ ಇಳಿಯುತ್ತವೆ, ಸೋಸಿದರೆ ಸಿಕ್ಕುತ್ತವೆ. ಕರಗಿದ ಅಯಾನಿನ ಗಾತ್ರವಾದರೋ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಿರಿದು. ಅದಕ್ಕೆ ಮರಳಿನ ಹಾಸು ತೆರೆದ ಬಾಗಿಲಿದ್ದಂತೆ. ಕರಗಿದ್ದನ್ನು ಹಿಡಿಯಬೇಕಾದರೆ ರಾಸಾಯನಿಕ ಕ್ರಿಯೆಯಿಂದ ಅದನ್ನು ಕರಗದ ರೂಪಕ್ಕೆ ತಂದು ತಳಕ್ಕೆ ಇಳಿಸಬೇಕು, ಇಲ್ಲವೇ ನೀರನ್ನೇ ಅದರಿಂದ ಬೇರ್ಪಡಿಸಬೇಕು. ಇವೆರಡಕ್ಕಿಂತಲೂ ಅಗ್ಗವಾದದ್ದು ಅದು ನೀರಿಗೆ ಸೇರದಂತೆ ಮೊದಲೇ ತಡೆಯುವುದು. ನಮ್ಮಲ್ಲಿ ಅತ್ಯಂತ ಕಡಿಮೆ ಗಮನ ಸಿಗುತ್ತಿರುವುದೂ ಇದಕ್ಕೇ.

ಮಾರುಕಟ್ಟೆಯಲ್ಲಿ ಈಗ ಪೆನ್ನಿನಾಕಾರದ ಟಿ.ಡಿ.ಎಸ್. ಮೀಟರುಗಳು ಸುಲಭವಾಗಿ ದೊರೆಯುತ್ತಿರುವುದರಿಂದ ಅದರ ಬಗ್ಗೆ ಒಂದು ಮಾತು. ಇದು ಅಳೆಯುವುದು ನೀರಿನ ವಿದ್ಯುದ್ವಾಹಕತೆಯನ್ನು. ಅದರಿಂದ ಕರಗಿದ ಲವಣಗಳ ಮೊತ್ತವನ್ನು ಅಂದಾಜು ಮಾಡಿ ತೋರಿಸುತ್ತದೆ. ಲವಣದ ಏರಿಳಿತ ತಿಳಿಯಲು ಇದು ಬಹಳ ಉಪಯುಕ್ತ. ಆದರೆ ಸಕ್ಕರೆ, ಎಣ್ಣೆ, ಕೀಟನಾಶಕ ಇವು ಯಾವುವೂ ಇದಕ್ಕೆ ಕಾಣವು. ಭಾರತೀಯ ಮಾನಕ ಬ್ಯೂರೋದ ಐ.ಎಸ್. 10500 ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಘನಪದಾರ್ಥಗಳ ಮೊತ್ತ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಮೂಲವಿಲ್ಲದಲ್ಲಿ 2,000ದವರೆಗೆ ಸಮ್ಮತ. ಅದೇ ಮಾನದಂಡದಲ್ಲಿ ಕ್ರೋಮಿಯಂನ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಮೀಟರು 300 ಎಂದು ತೋರಿಸಿದ ನೀರಿನಲ್ಲಿ ಮಿತಿಯ ಹತ್ತು ಪಟ್ಟು ಕ್ರೋಮಿಯಂ ಇದ್ದರೂ ಅದರ ಅಂಕಿಯಲ್ಲಿ ಯಾವ ವ್ಯತ್ಯಾಸವೂ ಗೋಚರಿಸದು.

ಬಾಯ್ಲರಿನ ಹಕ್ಕಳೆ

ಸುಣ್ಣದ ಕಲ್ಲು ನೀರಿನಲ್ಲಿ ಕರಗುವುದಿಲ್ಲವೆಂದ ಮೇಲೆ ಕೊಳವೆಬಾವಿಯ ನೀರು ಗಡಸಾಗುವುದು ಹೇಗೆಂಬ ಪ್ರಶ್ನೆ ಏಳುವುದು ಸಹಜ. ಮಳೆಯ ನೀರು ಮಣ್ಣಿನೊಳಗೆ ಇಳಿಯುವಾಗ ಅಲ್ಲಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸೌಮ್ಯವಾದ ಆಮ್ಲವಾಗುತ್ತದೆ. ಈ ಆಮ್ಲವು ಕ್ಯಾಲ್ಸಿಯಂ ಕಾರ್ಬೊನೇಟನ್ನು ಕರಗಬಲ್ಲ ಬೈಕಾರ್ಬೊನೇಟನ್ನಾಗಿ ಮಾರ್ಪಡಿಸುತ್ತದೆ. ನೀರನ್ನು ಕಾಯಿಸಿದಾಗ ಆ ಅನಿಲ ಹೊರಟುಹೋಗಿ ಕಾರ್ಬೊನೇಟು ಮತ್ತೆ ಕಲ್ಲಾಗಿ ಕೊಳವೆಗಳ ಒಳಮೈಗೆ ಅಂಟಿಕೊಳ್ಳುತ್ತದೆ. ಬಹಳಷ್ಟು ಲವಣಗಳು ಬಿಸಿ ನೀರಿನಲ್ಲಿ ಹೆಚ್ಚು ಕರಗಿದರೆ, ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಕ್ಯಾಲ್ಸಿಯಂ ಸಲ್ಫೇಟುಗಳು ಬಿಸಿಯೇರಿದಂತೆ ಕಡಿಮೆ ಕರಗುತ್ತವೆ. ಹೀಗಾಗಿ ಎಲ್ಲಿ ಬಿಸಿ ಹೆಚ್ಚೋ ಅಲ್ಲಿಯೇ ಹಕ್ಕಳೆ ಹೆಚ್ಚು. ಉಷ್ಣವನ್ನು ಸಾಗಿಸುವುದರಲ್ಲಿ ಈ ಹಕ್ಕಳೆ ಉಕ್ಕಿಗಿಂತ ಹತ್ತಾರು ಪಟ್ಟು ಹಿಂದೆ. ಆದುದರಿಂದ ತೆಳುವಾದ ಪದರವೇ ಸೌದೆ, ಕಲ್ಲಿದ್ದಲು, ಡೀಸೆಲ್ಲಿನ ಖರ್ಚನ್ನು ಏರಿಸುತ್ತದೆ.

ಇದಕ್ಕಾಗಿ ಹಾಕಿಸುವ ಸಾಫ್ಟನರ್ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದು ಬದಲಿಗೆ ಸೋಡಿಯಂ ಬಿಟ್ಟುಕೊಡುತ್ತದೆಯೇ ಹೊರತು ಲವಣದ ಮೊತ್ತವನ್ನು ಇಳಿಸುವುದಿಲ್ಲ. ಅದನ್ನು ತೊಳೆದು ಚೇತರಿಸುವಾಗ ಬಳಸಿದ ಉಪ್ಪುನೀರು ಚರಂಡಿಗೆ ಸೇರುತ್ತದೆ. ಆರ್.ಒ. ಘಟಕ ಲವಣವನ್ನು ತೆಗೆಯುವುದೇನೋ ನಿಜ. ಆದರೆ ಲೀಟರಿಗೆ 1,000 ಮಿಲಿಗ್ರಾಂ ಲವಣವಿರುವ ಸಾವಿರ ಲೀಟರ್ ನೀರನ್ನು ಹಾಯಿಸಿ ಅರ್ಧದಷ್ಟು ಒಳ್ಳೆಯ ನೀರು ಪಡೆದರೆ, ಉಳಿದ 500 ಲೀಟರಿನಲ್ಲಿ ಲವಣದ ಸಾಂದ್ರತೆ ಸುಮಾರು 2,000 ಆಗಿರುತ್ತದೆ. ತೆಗೆದ ಲವಣ ಎಲ್ಲಿಗೂ ಹೋಗಿಲ್ಲ. ಈ ತಿರಸ್ಕೃತ ನೀರನ್ನು ಬತ್ತಿದ ಕೊಳವೆಬಾವಿಗೆ ಬಿಡುವ ದುರಭ್ಯಾಸ ಅಲ್ಲಲ್ಲಿ ಕಂಡುಬರುತ್ತಿದೆ. 1974ರ ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯ್ದೆಯ 24ನೇ ಪ್ರಕರಣದ ನಿಷೇಧವು ಹೊಳೆಗೆ ಮಾತ್ರವಲ್ಲ, ಬಾವಿಗೂ ಅನ್ವಯಿಸುತ್ತದೆ ಎಂಬುದನ್ನು ಸದಸ್ಯರು ಗಮನಿಸಬೇಕು.

ಒಂದು ಲೀಟರ್ ಕ್ರೋಮಿಕ್ ಆಮ್ಲದ ಲೆಕ್ಕ

ಈಗ ಮೊದಲು ಹೇಳಿದ ಲೇಪನ ಘಟಕಕ್ಕೆ ಮರಳೋಣ. ಕ್ರೋಮಿಯಂ ಲೇಪನದ ತೊಟ್ಟಿಯಲ್ಲಿ ಸಾಮಾನ್ಯವಾಗಿ ಲೀಟರಿಗೆ 250 ಗ್ರಾಂನಷ್ಟು ಕ್ರೋಮಿಕ್ ಆಮ್ಲ ಇರುತ್ತದೆ. ಅದರಲ್ಲಿ ಕ್ರೋಮಿಯಂನ ಪಾಲು 130 ಗ್ರಾಂ. ಲೇಪನ ಮುಗಿದ ಬಿಡಿಭಾಗಗಳನ್ನು ಮೇಲೆತ್ತಿದಾಗ ಅವುಗಳ ಮೈಗೆ ಅಂಟಿಕೊಂಡು ಒಂದಿಷ್ಟು ದ್ರಾವಣ ತೊಳೆಯುವ ತೊಟ್ಟಿಗೆ ಹೋಗುತ್ತದೆ. ಇದನ್ನು ಪ್ಲೇಟಿಂಗ್ ಉದ್ಯಮದಲ್ಲಿ ಡ್ರ್ಯಾಗ್‌ಔಟ್ ಎನ್ನುತ್ತಾರೆ. ಒಳನಾಡಿನ ಮೇಲ್ಮೈ ಜಲಕ್ಕೆ ಬಿಡುವ ತ್ಯಾಜ್ಯನೀರಿನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದೆಂಬುದು ನಿಯಮ. ಹೀಗೆ ಅಂಟಿಕೊಂಡು ಹೋದ ಒಂದೇ ಒಂದು ಲೀಟರ್ ದ್ರಾವಣವನ್ನು ಬರಿಯ ನೀರು ಬೆರೆಸಿಯೇ ಆ ಮಿತಿಗೆ ಇಳಿಸಬೇಕಾದರೆ 13 ಲಕ್ಷ ಲೀಟರ್ ನೀರು ಬೇಕು. 12,000 ಲೀಟರಿನ ಟ್ಯಾಂಕರ್ ಎಂದಿಟ್ಟುಕೊಂಡರೆ ನೂರೆಂಟು ಟ್ಯಾಂಕರು! ನೀರು ಬೆರೆಸಿ ಸ್ಯಾಂಪಲ್ ಪಾಸು ಮಾಡಿಸಿಕೊಳ್ಳುವ ಉಪಾಯ ಹೇಳಿಕೊಡುವವರು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡಬೇಕು.

ಕ್ರೋಮಿಯಂಗೆ ಎರಡು ರೂಪಗಳಿವೆ. ಹೆಕ್ಸಾವೇಲೆಂಟ್ ರೂಪವು ಕ್ರೋಮೇಟ್ ಅಯಾನಾಗಿ ಆಮ್ಲೀಯ ನೀರಿನಲ್ಲಿಯೂ ಕ್ಷಾರೀಯ ನೀರಿನಲ್ಲಿಯೂ ಕರಗಿಯೇ ಇರುತ್ತದೆ. ಎಷ್ಟು ಸುಣ್ಣ ಸುರಿದರೂ ತಳಕ್ಕೆ ಇಳಿಯುವುದಿಲ್ಲ. ಟ್ರೈವೇಲೆಂಟ್ ರೂಪವಾದರೋ ಸುಣ್ಣ ಹಾಕಿದೊಡನೆ ಕರಗದ ಹೈಡ್ರಾಕ್ಸೈಡ್ ಆಗಿ ಒತ್ತರಿಸುತ್ತದೆ. ಆದುದರಿಂದ ಮೊದಲು ನೀರಿನ ಪಿ.ಎಚ್. ಅನ್ನು ಮೂರಕ್ಕಿಂತ ಕೆಳಗಿಳಿಸಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಬೇಕು. ಹಳದಿ ಬಣ್ಣ ಹೋಗಿ ಹಸಿರು ಬಂದಿತೆಂದರೆ ರೂಪಾಂತರ ಮುಗಿಯುತ್ತ ಬಂದಿತೆಂದು ತಿಳಿಯಬಹುದು. ಆಮೇಲೆ ಸುಣ್ಣ ಹಾಕಿ ಪಿ.ಎಚ್. ಅನ್ನು 8ರಿಂದ 9ಕ್ಕೆ ತಂದು ನಿಲ್ಲಿಸಿದರೆ ಹಸಿರು ಗಸಿ ತಳ ಸೇರುತ್ತದೆ. ಈ ಗಸಿಯನ್ನು ಹಿಡಿಯುವುದಕ್ಕೆ ಮಾತ್ರ ಮರಳಿನ ಫಿಲ್ಟರು ಉಪಯೋಗಕ್ಕೆ ಬರುತ್ತದೆ. ನಮ್ಮ ಮಾಲೀಕರ ಘಟಕದಲ್ಲಿ ಆಗಿದ್ದು ಇಷ್ಟೇ. ಮೆಟಾಬೈಸಲ್ಫೈಟಿನ ವಾಸನೆ ತಡೆಯಲಾರದೆ ಕೆಲಸಗಾರರು ಮೊದಲನೆಯ ಹಂತವನ್ನೇ ಕೈಬಿಟ್ಟು ನೇರವಾಗಿ ಸುಣ್ಣ ಹಾಕುತ್ತಿದ್ದರು. ಗಾಳಿಯಾಡುವ ವ್ಯವಸ್ಥೆ ಮಾಡಿಕೊಡದೆ ಅವರನ್ನು ದೂರಿ ಫಲವಿಲ್ಲವೆಂದು ಮಾಲೀಕರಿಗೆ ಹೇಳಬೇಕಾಯಿತು.

ಸುಣ್ಣ ಹೆಚ್ಚಾದರೂ ತೊಂದರೆಯೇ. ಕ್ರೋಮಿಯಂ ಹಾಗೂ ಸತುವಿನ ಹೈಡ್ರಾಕ್ಸೈಡುಗಳು ಕ್ಷಾರ ಅತಿಯಾದಾಗ ಮತ್ತೆ ಕರಗತೊಡಗುತ್ತವೆ. ನಿಕಲ್ಲಿಗೆ ಪಿ.ಎಚ್. 10ರ ಸಮೀಪ ಬೇಕು. ಎಲ್ಲ ಲೇಪನಗಳ ನೀರನ್ನೂ ಒಂದೇ ಗುಂಡಿಗೆ ಹರಿಯಬಿಟ್ಟವರಿಗೆ ಯಾವ ಪಿ.ಎಚ್. ಹಿಡಿದರೂ ಒಂದಲ್ಲ ಒಂದು ಲೋಹ ತಪ್ಪಿಸಿಕೊಂಡು ಹೋಗುವುದು ಈ ಕಾರಣದಿಂದ. ಸಯನೈಡ್ ಬಳಸುವ ಲೇಪನವಿದ್ದರಂತೂ ಅದರ ನೀರನ್ನು ಎಂದಿಗೂ ಆಮ್ಲದ ನೀರಿಗೆ ಸೇರಿಸಕೂಡದು. ಪ್ರಾಣಾಂತಕವಾದ ಹೈಡ್ರೋಜನ್ ಸಯನೈಡ್ ಅನಿಲ ಏಳುತ್ತದೆ. ಅದನ್ನು ಪ್ರತ್ಯೇಕ ತೊಟ್ಟಿಯಲ್ಲಿ ಕ್ಷಾರೀಯ ಸ್ಥಿತಿಯಲ್ಲಿಯೇ ಇಟ್ಟು ಕ್ಲೋರಿನ್ನಿನಿಂದ ಮೊದಲು ನಾಶಪಡಿಸಬೇಕು. ಹಾಗಲ್ಲದೆ ಅದರಲ್ಲಿರುವ ಲೋಹಗಳು ಸರಿಯಾಗಿ ಒತ್ತರಿಸುವುದೂ ಇಲ್ಲ.

ಒಂದು ಕಿಲೋ ಕ್ರೋಮಿಯಂಗೆ ಲೆಕ್ಕದ ಪ್ರಕಾರವೇ ಸುಮಾರು ಮೂರು ಕಿಲೋ ಮೆಟಾಬೈಸಲ್ಫೈಟ್ ಬೇಕು. ಅದರ ಜೊತೆಗೆ ಆಮ್ಲ, ಸುಣ್ಣ, ಕೊನೆಗೆ ಅಪಾಯಕಾರಿ ತ್ಯಾಜ್ಯವೆಂದು ಹಣ ಕೊಟ್ಟು ವಿಲೇವಾರಿ ಮಾಡಬೇಕಾದ ಗಸಿ. ಅಂದರೆ ಹಣ ಕೊಟ್ಟು ಕೊಂಡ ಕ್ರೋಮಿಕ್ ಆಮ್ಲವನ್ನು ಚೆಲ್ಲುವುದಕ್ಕೆ ಇನ್ನಷ್ಟು ಹಣ. ಈ ವೆಚ್ಚವನ್ನು ಮೂಲದಲ್ಲಿಯೇ ಕಡಿತಗೊಳಿಸುವ ಉಪಾಯಗಳು ತೀರ ಸರಳವಾದವು. ಬಿಡಿಭಾಗಗಳನ್ನು ತೊಟ್ಟಿಯ ಮೇಲೆ ಹತ್ತಿಪ್ಪತ್ತು ಸೆಕೆಂಡು ಹಿಡಿದು ನಿಲ್ಲಿಸಿ ತೊಟ್ಟಿಕ್ಕಲು ಬಿಡುವುದು, ಬಟ್ಟಲಿನಂತಿರುವ ಭಾಗಗಳನ್ನು ದ್ರಾವಣ ನಿಲ್ಲದಂತೆ ತಲೆಕೆಳಗಾಗಿ ಕಟ್ಟುವುದು, ಎರಡು ತೊಟ್ಟಿಗಳ ನಡುವೆ ಇಳಿಜಾರಾದ ಪ್ಲಾಸ್ಟಿಕ್ ಹಲಗೆ ಕೂರಿಸುವುದು.

ಇವೆಲ್ಲಕ್ಕಿಂತ ಹೆಚ್ಚಿನ ಉಳಿತಾಯ ಇರುವುದು ತೊಳೆಯುವ ಕ್ರಮದಲ್ಲಿ. ಗಂಟೆಗೆ ಒಂದು ಲೀಟರ್ ದ್ರಾವಣ ಅಂಟಿಕೊಂಡು ಬರುತ್ತದೆ, ಅದನ್ನು ಸಾವಿರದ ಒಂದು ಪಾಲಿಗೆ ತೆಳುವಾಗಿಸಿದರೆ ಬಿಡಿಭಾಗ ಸಾಕಷ್ಟು ಸ್ವಚ್ಛವಾಗುತ್ತದೆ ಎಂದು ಇಟ್ಟುಕೊಳ್ಳೋಣ. ಒಂದೇ ತೊಟ್ಟಿಯಲ್ಲಿ ತೊಳೆದರೆ ಗಂಟೆಗೆ 1,000 ಲೀಟರ್ ನೀರು ಬೇಕು. ಎರಡು ತೊಟ್ಟಿಗಳನ್ನಿಟ್ಟು ಹೊಸ ನೀರನ್ನು ಕೊನೆಯ ತೊಟ್ಟಿಗೆ ಬಿಟ್ಟು, ಅಲ್ಲಿಂದ ಉಕ್ಕಿದ ನೀರನ್ನು ಹಿಂದಿನದಕ್ಕೆ ಹರಿಸಿದರೆ ಸುಮಾರು 32 ಲೀಟರ್ ಸಾಕು. ಮೂರು ತೊಟ್ಟಿಗಳಾದರೆ 10 ಲೀಟರ್. ಮೊದಲ ಸಲ ಈ ಅಂಕಿಗಳನ್ನು ಕೇಳಿದವರು ನಂಬುವುದಿಲ್ಲ. ಆದರೆ ಪ್ರತಿ ತೊಟ್ಟಿಯೂ ಹತ್ತು ಪಟ್ಟು ತೆಳುವಾಗಿಸಿದರೆ ಮೂರರಲ್ಲಿ ಹತ್ತು, ನೂರು, ಸಾವಿರ ಎಂದು ಬೆರಳಲ್ಲೇ ಎಣಿಸಬಹುದು. ಮೂರು ತೊಟ್ಟಿಗಳ ಏರ್ಪಾಡಿನಲ್ಲಿ ಮೊದಲನೆಯದರ ನೀರಿನಲ್ಲಿ ಕ್ರೋಮಿಕ್ ಆಮ್ಲ ಲೀಟರಿಗೆ 25 ಗ್ರಾಂನಷ್ಟು ಗಟ್ಟಿಯಾಗಿರುತ್ತದೆ. ಬಿಸಿಯಾಗಿರುವ ಲೇಪನದ ತೊಟ್ಟಿಯಿಂದ ಪ್ರತಿದಿನ ನೀರು ಆವಿಯಾಗುತ್ತದಷ್ಟೆ. ಆ ಕೊರತೆಯನ್ನು ಈ ನೀರಿನಿಂದಲೇ ತುಂಬಿದರೆ ಆಮ್ಲದ ಬಹುಭಾಗ ತನ್ನ ಮನೆಗೆ ಮರಳುತ್ತದೆ. ಕಬ್ಬಿಣ, ಕ್ಲೋರೈಡ್ ಮುಂತಾದ ಕಲ್ಮಶಗಳೂ ಜೊತೆಗೆ ಮರಳುವುದರಿಂದ ತೊಟ್ಟಿಯ ದ್ರಾವಣವನ್ನು ಆಗಾಗ ಪರೀಕ್ಷೆ ಮಾಡಿಸುತ್ತಿರಬೇಕಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಇಷ್ಟೊಂದು ಎಚ್ಚರಿಕೆ ಏಕೆಂದು ಕೇಳುವವರಿಗೆ ನಮ್ಮ ನೆಲದ ಸ್ವರೂಪವೇ ಉತ್ತರ. ಬೆಂಗಳೂರಿನ ಸುತ್ತಮುತ್ತ ಅಂತರ್ಜಲ ಇರುವುದು ಗಟ್ಟಿ ಶಿಲೆಯ ಬಿರುಕುಗಳಲ್ಲಿ. ಕ್ರೋಮೇಟಿಗೆ ಮಣ್ಣಿನ ಕಣಗಳ ಹಿಡಿತ ಕಡಿಮೆ, ಬಿರುಕುಗಳಲ್ಲಿ ತಡೆಯೇ ಇಲ್ಲ. ಪೀಣ್ಯ ಕೈಗಾರಿಕಾ ಪ್ರದೇಶದ ಕೊಳವೆಬಾವಿಗಳಲ್ಲಿ ಕುಡಿಯುವ ನೀರಿನ ಮಿತಿಯನ್ನು ಮೀರಿದ ಕ್ರೋಮಿಯಂ ಇರುವುದು ಸರ್ಕಾರಿ ಸಂಸ್ಥೆಗಳ ಸಮೀಕ್ಷೆಗಳಲ್ಲಿ ದಾಖಲಾಗಿದೆ. ನೆರೆಯ ತಮಿಳುನಾಡಿನ ರಾಣಿಪೇಟೆಯಲ್ಲಿ ಕ್ರೋಮೇಟ್ ಕಾರ್ಖಾನೆಯೊಂದು 1990ರ ದಶಕದಲ್ಲಿ ಬಾಗಿಲು ಮುಚ್ಚಿತು. ಅದು ಬಿಟ್ಟುಹೋದ ಲಕ್ಷಕ್ಕೂ ಮಿಕ್ಕಿದ ಟನ್ ತ್ಯಾಜ್ಯದ ಗುಡ್ಡೆಯಿಂದ ಕಾರ್ಖಾನೆ ನಿಂತ ಎಷ್ಟೋ ವರ್ಷಗಳ ಮೇಲೂ ಮಳೆ ಬಂದಾಗಲೆಲ್ಲ ಹಳದಿ ನೀರು ಬಸಿದು ಹರಿಯುತ್ತಿತ್ತು. ಕ್ರೋಮಿಕ್ ಆಮ್ಲದ ಹಬೆಯು ಲೇಪನ ಕಾರ್ಮಿಕರ ಮೂಗಿನ ನಡುಗೋಡೆಯಲ್ಲಿ ರಂಧ್ರ ಮಾಡುವುದು ವೈದ್ಯರಿಗೆ ಹಳೆಯ ಸಂಗತಿ. ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್‌ಕಾರಕವೆಂಬುದೂ ಸಿದ್ಧಪಟ್ಟಿದೆ.

ಬಟ್ಟೆಗೆ ಅಂಟದ ಉಪ್ಪು

ಕ್ರೋಮಿಯಂನ್ನು ಗಸಿಯಾಗಿಸುವ ಮಾರ್ಗವಾದರೂ ಉಂಟು. ಸಾಮಾನ್ಯ ಉಪ್ಪಿಗೆ ಅಂತಹ ಮಾರ್ಗವೇ ಇಲ್ಲ. ಸೋಡಿಯಂ ಹಾಗೂ ಕ್ಲೋರೈಡುಗಳನ್ನು ಅಗ್ಗವಾಗಿ ಒತ್ತರಿಸುವ ರಾಸಾಯನಿಕ ಯಾವುದೂ ಇಲ್ಲದಿರುವುದೇ ಬಣ್ಣ ಹಾಕುವ ಉದ್ಯಮದ ದೊಡ್ಡ ಸಂಕಟ.

ಹತ್ತಿಯ ನೂಲು ನೀರಿನಲ್ಲಿ ನೆನೆದಾಗ ಅದರ ಮೇಲ್ಮೈ ಋಣ ವಿದ್ಯುದಂಶವನ್ನು ಪಡೆಯುತ್ತದೆ. ರಿಯಾಕ್ಟಿವ್ ಬಣ್ಣಗಳೂ ನೀರಿನಲ್ಲಿ ಋಣ ಅಯಾನುಗಳೇ. ಒಂದನ್ನೊಂದು ದೂರ ತಳ್ಳುವ ಇವೆರಡನ್ನೂ ಹತ್ತಿರ ತರಲು ಲೀಟರಿಗೆ 30ರಿಂದ 80 ಗ್ರಾಂನಷ್ಟು ಉಪ್ಪನ್ನೋ ಗ್ಲಾಬರ್ ಲವಣವನ್ನೋ ಹಾಕುವುದು ರೂಢಿ. 100 ಕಿಲೋ ಬಟ್ಟೆಗೆ 1,000 ಲೀಟರ್ ನೀರು, ಲೀಟರಿಗೆ 60 ಗ್ರಾಂ ಉಪ್ಪು ಎಂದರೆ 60 ಕಿಲೋ ಆಯಿತು. ಬಣ್ಣವು ಬಟ್ಟೆಗೆ ಅಂಟಿಕೊಂಡರೂ ಉಪ್ಪಿನ ಒಂದು ಹರಳೂ ಅಂಟುವುದಿಲ್ಲ. ದಲ್ಲಾಳಿಯ ಹಾಗೆ ತನ್ನ ಕೆಲಸ ಮುಗಿಸಿ ಪೂರ್ತಿ 60 ಕಿಲೋ ಚರಂಡಿಗೆ ಇಳಿಯುತ್ತದೆ. ಫೆರಸ್ ಸಲ್ಫೇಟ್, ಸುಣ್ಣ ಹಾಕಿ ಬಣ್ಣ ತೆಗೆದ ಮೇಲೆ ನೀರು ನೋಡಲು ತಿಳಿಯಾಗುವುದಾದರೂ, ಹಾಕಿದ ರಾಸಾಯನಿಕಗಳ ಸಲ್ಫೇಟೂ ಸೇರಿ ಲವಣದ ಮೊತ್ತ ಕೆಲವೊಮ್ಮೆ ಮೊದಲಿಗಿಂತ ಏರಿರುತ್ತದೆ. ಆಮ್ಲವನ್ನು ಕಾಸ್ಟಿಕ್ ಸೋಡಾದಿಂದ ತಟಸ್ಥಗೊಳಿಸುವವರ ಸ್ಥಿತಿಯೂ ಇದೇ. ಒಂದು ಕಿಲೋ ಹೈಡ್ರೋಕ್ಲೋರಿಕ್ ಆಮ್ಲ ತಟಸ್ಥವಾದಾಗ 1.6 ಕಿಲೋ ಉಪ್ಪು ಹುಟ್ಟುತ್ತದೆ. ಪಿ.ಎಚ್. ಕಾಗದ ಮಾತ್ರ ಏಳು ಎಂದು ತೋರಿಸುತ್ತದೆ.

ತಿರುಪ್ಪೂರಿನ ಕಥೆ ನಮ್ಮ ಜವಳಿ ವರ್ತಕರಿಗೆ ಗೊತ್ತಿರುವಂಥದೇ. ಅಲ್ಲಿಯ ನೂರಾರು ಬಣ್ಣದ ಘಟಕಗಳು ಸಾಮೂಹಿಕ ಶುದ್ಧೀಕರಣ ಸ್ಥಾವರಗಳನ್ನು ಕಟ್ಟಿಕೊಂಡಿದ್ದವು. ಬಣ್ಣ, ಗಸಿ ಬಹುಮಟ್ಟಿಗೆ ಹೋದವು. ಲವಣ ಉಳಿಯಿತು. ನೊಯ್ಯಲ್ ನದಿಗೆ ನೀರಾವರಿಗೆಂದು ಕಟ್ಟಿದ ಒರತ್ತುಪಾಳ್ಯಂ ಜಲಾಶಯದಲ್ಲಿ ಉಪ್ಪುಮಿಶ್ರಿತ ತ್ಯಾಜ್ಯ ಸಂಗ್ರಹವಾಗಿ ಕೆಳಗಿನ ರೈತರ ಹೊಲಗಳೂ ಬಾವಿಗಳೂ ಕೆಟ್ಟವು. ರೈತರು ನ್ಯಾಯಾಲಯದ ಮೆಟ್ಟಿಲೇರಿದರು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋದ ವ್ಯಾಜ್ಯದ ಮುಂದುವರಿಕೆಯಾಗಿ, ಶೂನ್ಯ ವಿಸರ್ಜನೆಯನ್ನು ಸಾಧಿಸದ ಘಟಕಗಳನ್ನೆಲ್ಲ ಮುಚ್ಚುವಂತೆ ಮದರಾಸು ಉಚ್ಚ ನ್ಯಾಯಾಲಯವು 2011ರ ಜನವರಿಯಲ್ಲಿ ಆದೇಶಿಸಿತು. ರಫ್ತಿನ ಪಟ್ಟಣವೊಂದರ ಬಣ್ಣದ ಕೆಲಸ ಬಹುತೇಕ ನಿಂತಿತು. ಅಷ್ಟು ಹೊತ್ತಿಗೆ ಸಾಲ ಮಾಡಿ ಸ್ಥಾವರ ಕಟ್ಟಿದ್ದ ಸಣ್ಣ ಘಟಕಗಳಿಗೆ ಬಿದ್ದ ಪೆಟ್ಟು ಸಾಮಾನ್ಯವಾದುದಲ್ಲ. ತಪ್ಪು ರೈತರದ್ದೆಂದು ಮಾತ್ರ ಯಾರೂ ಹೇಳಲಾರರು.

ಅನಂತರ ಅಲ್ಲಿ ಆರ್.ಒ. ಮತ್ತು ಬಾಷ್ಪೀಕರಣ ಯಂತ್ರಗಳು ಬಂದವು. ಬಾಷ್ಪೀಕರಣ ಏಕೆ ದುಬಾರಿ ಎಂಬುದಕ್ಕೂ ನೀರಿನ ಅಣುಗಳ ಆ ಪರಸ್ಪರ ಆಕರ್ಷಣೆಯೇ ಕಾರಣ. ಕುದಿಯುವ ಒಂದು ಕಿಲೋ ನೀರನ್ನು ಆವಿಯಾಗಿಸಲು ಸುಮಾರು 540 ಕಿಲೋ ಕ್ಯಾಲೊರಿ ಶಾಖ ಬೇಕು. ಸಾವಿರ ಲೀಟರಿಗೆ ಐದು ಲಕ್ಷ ನಲವತ್ತು ಸಾವಿರ. ಕಿಲೋಗೆ 4,000 ಕಿಲೋ ಕ್ಯಾಲೊರಿ ಕೊಡುವ ಕಲ್ಲಿದ್ದಲಾದರೆ ಏನೂ ನಷ್ಟವಿಲ್ಲವೆಂದುಕೊಂಡರೂ 135 ಕಿಲೋ. ಒಂದು ಹಂತದ ಆವಿಯಿಂದ ಮುಂದಿನ ಹಂತವನ್ನು ಕಾಯಿಸುವ ಬಹುಹಂತದ ಯಂತ್ರಗಳು ಇದನ್ನು ಗಣನೀಯವಾಗಿ ತಗ್ಗಿಸುತ್ತವೆ. ಅದೇನೇ ಇದ್ದರೂ ಉಪ್ಪನ್ನೇ ಕಡಿಮೆ ಬಳಸುವ ಬಣ್ಣಗಳು, ಕಡಿಮೆ ನೀರಿನ ಯಂತ್ರಗಳು, ಬಣ್ಣದ ತೊಟ್ಟಿಯ ಗಟ್ಟಿ ಉಪ್ಪುನೀರನ್ನು ತೊಳೆದ ತೆಳು ನೀರಿಗೆ ಸೇರಿಸದೆ ಬೇರೆಯಾಗಿಯೇ ಹಿಡಿದು ಶುದ್ಧಗೊಳಿಸಿ ಮುಂದಿನ ಬಾರಿಗೆ ಬಳಸುವ ಪದ್ಧತಿ ಇವುಗಳೇ ಖರ್ಚಿನಲ್ಲಿ ಉಳಿತಾಯ ತರುವಂಥವು. ನಮ್ಮ ಇಳಕಲ್, ರಬಕವಿ-ಬನಹಟ್ಟಿಗಳಂತಹ ನೇಕಾರಿಕೆಯ ಊರುಗಳಲ್ಲಿ ಬಣ್ಣದ ಕೆಲಸ ನಡೆಸುವವರು ಸಾಮೂಹಿಕ ಸ್ಥಾವರದ ಬೇಡಿಕೆ ಮುಂದಿಡುವ ಮುನ್ನ ತಿರುಪ್ಪೂರಿಗೆ ಹೋಗಿ ಒಮ್ಮೆ ನೋಡಿಬರುವುದು ಲೇಸು.

ಸಿಹಿತಿಂಡಿಯವರಿಗೂ ಒಂದು ಮಾತು

ವಿಷ ಬಳಸುವವರಷ್ಟೇ ಮಾಲಿನ್ಯ ಮಾಡುತ್ತಾರೆಂಬ ಭಾವನೆ ಸರಿಯಲ್ಲ. ಅನಿಲಗಳೂ ನೀರಿನಲ್ಲಿ ಕರಗುತ್ತವೆ, ಆದರೆ ಬಹಳ ಅಲ್ಪ. 30 ಡಿಗ್ರಿ ಉಷ್ಣತೆಯ ಕೆರೆಯ ನೀರಿನಲ್ಲಿ ಆಮ್ಲಜನಕ ಲೀಟರಿಗೆ ಏಳೂವರೆ ಮಿಲಿಗ್ರಾಂ ಇದ್ದರೆ ಅದೇ ಪೂರ್ಣ. ಮೀನುಗಳು ಬದುಕುವುದು ಅಷ್ಟರಲ್ಲಿಯೇ. ಸಕ್ಕರೆ, ಹಾಲಿನ ಅಂಶ, ಪಿಷ್ಟ ಇವು ಕರಗಿ ಹರಿದಾಗ ಸೂಕ್ಷ್ಮಜೀವಿಗಳು ಅವನ್ನು ತಿನ್ನುತ್ತ ಈ ಆಮ್ಲಜನಕವನ್ನು ಮುಗಿಸುತ್ತವೆ. ಬಿ.ಒ.ಡಿ. ಎಂಬ ಅಂಕಿ ಅಳೆಯುವುದು ಈ ಹಸಿವನ್ನೇ. ಪನೀರ್ ಮಾಡಿ ಉಳಿದ ಹಾಲೊಡಕಿನ ಬಿ.ಒ.ಡಿ. ಲೀಟರಿಗೆ 30,000 ಮಿಲಿಗ್ರಾಂ ದಾಟುವುದು ಸಾಮಾನ್ಯ. ಅಂದರೆ ಒಂದು ಲೀಟರ್ ಹಾಲೊಡಕು 4,000 ಲೀಟರ್ ಕೆರೆ ನೀರಿನ ಆಮ್ಲಜನಕವನ್ನು ಬರಿದು ಮಾಡಬಲ್ಲದು. ಮೇಲ್ಮೈ ಜಲಕ್ಕೆ ಬಿಡುವ ನೀರಿನ ಮಿತಿ 30 ಮಾತ್ರ. ಹಾಲೊಡಕನ್ನು ದನಗಳ ಮೇವಿಗೆ ಮಾರುವ ಅವಕಾಶವಿರುವಲ್ಲಿ ಚರಂಡಿಗೆ ಸುರಿಯುವುದು ವ್ಯಾಪಾರದ ದೃಷ್ಟಿಯಿಂದಲೂ ನಷ್ಟವೇ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಅಲ್ಲಿಯೂ ನೊರೆಗೆ ಬಹುಪಾಲು ಕಾರಣವಾದದ್ದು ಮನೆಮನೆಯ ಕೊಳಚೆಯಲ್ಲಿ ಕರಗಿ ಬಂದ ಮಾರ್ಜಕಗಳು.

ಸ್ಯಾಂಪಲ್ ಹಿಡಿಯುವ ಕ್ರಮ

ಸಣ್ಣ ಘಟಕವೆಂಬ ಕಾರಣಕ್ಕೆ ಕಾನೂನಿನಲ್ಲಿ ವಿನಾಯಿತಿ ದೊರೆಯುತ್ತದೆಂದು ನಂಬಿಕೊಂಡಿರುವ ಸದಸ್ಯರಿದ್ದಾರೆ. ವೆಲ್ಲೂರು ಭಾಗದ ಚರ್ಮ ಹದ ಮಾಡುವ ಘಟಕಗಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿಯೇ ಮಾಲಿನ್ಯ ಮಾಡಿದವರೇ ಅದರ ವೆಚ್ಚ ಭರಿಸಬೇಕೆಂಬ ತತ್ವವನ್ನು ಎತ್ತಿಹಿಡಿದು, ಪ್ರತಿ ಘಟಕಕ್ಕೂ 10,000 ರೂಪಾಯಿ ದಂಡ ವಿಧಿಸಿತು. ಸಂತ್ರಸ್ತರಿಗೆ ಪರಿಹಾರವನ್ನಲ್ಲದೆ ಕೆಟ್ಟ ಪರಿಸರವನ್ನು ಸರಿಪಡಿಸುವ ವೆಚ್ಚವನ್ನೂ ಹೊರಿಸಿತು. ಆದುದರಿಂದ ಮಂಡಳಿಯವರು ಬರುವವರೆಗೆ ಕಾಯದೆ ಸ್ವಂತ ಖರ್ಚಿನಲ್ಲಿ ಮಾನ್ಯತೆ ಪಡೆದ ಪ್ರಯೋಗಾಲಯದಿಂದ ಪರೀಕ್ಷೆ ಮಾಡಿಸಿಕೊಳ್ಳುವುದು ವಿವೇಕ.

ಆಗ ಎಲ್ಲ ನೀರೂ ಕೂಡುವ ಕೊನೆಯ ಗುಂಡಿಯ ಸ್ಯಾಂಪಲ್ ಒಂದನ್ನೇ ಕೊಟ್ಟರೆ ಏನೂ ತಿಳಿಯುವುದಿಲ್ಲ. ಪ್ರತಿ ವಿಭಾಗದ ಮೋರಿ ಮುಖ್ಯ ಚರಂಡಿಗೆ ಸೇರುವ ಮುನ್ನವೇ ಬೇರೆ ಬೇರೆಯಾಗಿ ಹಿಡಿಯಬೇಕು. ಒಂದೇ ಕ್ಯಾನಿನಿಂದ ಎಲ್ಲ ಪರೀಕ್ಷೆಗಳನ್ನೂ ಮಾಡಿಸುವುದೂ ಸರಿಯಲ್ಲ. ಒಟ್ಟು ಲೋಹಗಳ ಪರೀಕ್ಷೆಗೆ ಹಿಡಿದ ನೀರಿಗೆ ನೈಟ್ರಿಕ್ ಆಮ್ಲ ಸೇರಿಸಬೇಕು, ಇಲ್ಲವಾದರೆ ಲೋಹ ಬಾಟಲಿಯ ಗೋಡೆಗೆ ಅಂಟಿಕೊಂಡು ಅಂಕಿ ತಗ್ಗುತ್ತದೆ. ಹೆಕ್ಸಾವೇಲೆಂಟ್ ಕ್ರೋಮಿಯಂಗೆ ಹಿಡಿದ ನೀರಿಗೆ ಅದೇ ಆಮ್ಲವನ್ನು ಸೇರಿಸಕೂಡದು. ತಂಪಾಗಿಟ್ಟು 24 ಗಂಟೆಗಳೊಳಗೆ ಪರೀಕ್ಷೆಗೆ ತಲುಪಿಸಬೇಕು. ಸಯನೈಡಿನದಕ್ಕೆ ಕಾಸ್ಟಿಕ್ ಸೋಡಾ ಹಾಕಿ ಪಿ.ಎಚ್. 12 ದಾಟಿಸಬೇಕು. ಬಿ.ಒ.ಡಿ.ಯದಕ್ಕೆ ಯಾವ ರಾಸಾಯನಿಕವೂ ಬೇಡ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ಕಳುಹಿಸಿದರೆ ಸಾಕು. ಪ್ರಯೋಗಾಲಯದವರು ಸಾಮಾನ್ಯವಾಗಿ ಈ ಬಾಟಲಿಗಳನ್ನು ತಾವೇ ಸಿದ್ಧಪಡಿಸಿ ಕೊಡುತ್ತಾರೆ. ಹಿಂದಿನ ದಿನವೇ ಕೇಳಿ ತರಿಸಿಕೊಳ್ಳಬೇಕು.